ಅಡುಗೆಯವನ ವ್ಯಾನೂ ನೆತ್ತಿಗೇರಿದ ನನ್ನ ಪಿತ್ತವೂ

ಗಾಡಿ ರಿಪೇರಿ ಮಾಡುವವನಿಗೆ ಗಾಡಿಯಿಂದ ಕೋಪ ಬರುವುದಿಲ್ಲ. ಕೋಪ ಬರುವುದು ಅದನ್ನು ತಂದು ನಿಲ್ಲಿಸಿ, ಎರಡೂ ಕೈ ಹಿಂದೆ ಕಟ್ಟಿಕೊಂಡು, "ನಾನೇನೂ ಮಾಡಿಲ್ಲ ಕಣಣ್ಣ" ಎನ್ನುವವರಿಂದ. ಚನ್ನಪಟ್ಟಣದ ಸಾತನೂರು ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡು ಕೂದಲು ಬೆಳ್ಳಗಾಯಿತು. ವಾರಕ್ಕೊಬ್ಬನಾದರೂ ಬಂದು ನನ್ನ ಪಿತ್ತ ನೆತ್ತಿಗೇರಿಸದೆ ಹೋಗಿಲ್ಲ. ಆದರೆ ನಮ್ಮ ಅಡುಗೆಯವನು ಏರಿಸಿದಷ್ಟು ಎತ್ತರಕ್ಕೆ ಯಾರೂ ಏರಿಸಿಲ್ಲ.

ಅವನು ಕಬ್ಬಾಳಿನ ಕಡೆಯವನು. ಕನಕಪುರದಿಂದ ಮಾಗಡಿವರೆಗೆ ಯಾರ ಮನೆ ಬಾಡೂಟವಾದರೂ ಅವನದೇ ಕೈರುಚಿ ಆಗಬೇಕು. ಪಾತ್ರೆ, ಒಲೆ, ಸೌಟು ಹೇರಿಕೊಂಡು ಹೋಗಲು ಅವನ ಹತ್ತಿರ ಒಂದು ಹಳೇ ವ್ಯಾನು. ಇಂಜಿನ್ನು ಸೀಟಿನ ಕೆಳಗೆ, ರೇಡಿಯೇಟರು ಮುಂದೆ, ತುಕ್ಕು ಎಲ್ಲಾ ಕಡೆ. ರೇಡಿಯೇಟರಿಗೆ ಹಾಕಿದ ನೀರು ಎಲ್ಲಿ ಹೋಗುತ್ತಿದೆಯೋ ಗೊತ್ತಾಗದೆ ಇಂಜಿನ್ನು ಕಾಯುತ್ತಿತ್ತು.

ಬೇರೆಯವನಾಗಿದ್ದರೆ ಗುಜರಿಗೆ ಹಾಕು ಎಂದು ಓಡಿಸಿಬಿಡುತ್ತಿದ್ದೆ. ಆದರೆ ನನ್ನ ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಮಗಳ ಮದುವೆಯ ಬೀಗರೂಟಕ್ಕೆ ಅವನಿಗೇ ಎಲೆ ಅಡಿಕೆ ಕೊಟ್ಟು ಅಡುಗೆ ಒಪ್ಪಿಸಿಬಿಟ್ಟಿದ್ದಳು. ಹೊಸ ಬೀಗರು ಮಾಗಡಿಯವರು, ಇನ್ನೂರು ಜನ ಬರುವವರು. ವ್ಯಾನು ಕೈಕೊಟ್ಟರೆ ಪಾತ್ರೆ ಬರುವುದಿಲ್ಲ, ಪಾತ್ರೆ ಬರದಿದ್ದರೆ ಊಟವಿಲ್ಲ. ಬೀಗರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ನನ್ನ ಮಗಳು ಆ ಮನೆಯಲ್ಲಿ ಮುದುಕಿಯಾಗುವ ತನಕ ಅದೇ ಮಾತು ಕೇಳಬೇಕು. ಹೀಗಾಗಿ ಆ ದರಿದ್ರ ವ್ಯಾನಿನ ಸೋರಿಕೆ ನನ್ನ ಮನೆಯ ಮರ್ಯಾದೆಯ ಸೋರಿಕೆಯಾಯಿತು. ಕೈಯಲ್ಲಿ ಇದ್ದದ್ದು ಒಂದೇ ತಿಂಗಳು.

ಐನೂರು ಜನರ ಲೆಕ್ಕ

ಮೊದಲ ದಿನ ಇಂಜಿನ್ನು ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದೆ. ಒಳಗೆ ದಟ್ಟ ಹಳದಿ. ಬೆರಳು ಅದ್ದಿದರೆ ಗಸಿ ಅಂಟಿಕೊಂಡು ಬಂತು.

"ಏನ್ಲಾ ಇದು?" ಅಂದೆ.

"ನಾನೇನೂ ಮಾಡಿಲ್ಲ ಕಣಣ್ಣ."

"ರೇಡಿಯೇಟರೇ ಸಾರು ಮಾಡ್ಕೊಂಡ್ತಾ?"

ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟ. ಯಾರೋ ಲಾರಿ ಡ್ರೈವರ್ ಹೇಳಿದ್ದನಂತೆ, ಒಸಿ ಅರಿಶಿನ ಹಾಕಿದರೆ ತೂತು ಮುಚ್ಚಿಕೊಳ್ಳುತ್ತದೆ ಎಂದು. ಹಳೇ ಡ್ರೈವರುಗಳು ದಾರಿ ಮಧ್ಯೆ ಕಷ್ಟಕ್ಕೆ ಸಿಕ್ಕಿದಾಗ ಮನೆ ಸೇರುವ ಮಟ್ಟಿಗೆ ಒಂದು ಚಮಚ ಹಾಕುವುದುಂಟು. ನಾನು ಹಲ್ಲು ಕಚ್ಚಿಕೊಂಡು, "ಎಷ್ಟು ಹಾಕ್ದೆ?" ಎಂದು ಕೇಳಿದೆ.

"ಚಮಚದ ಲೆಕ್ಕ ನಂಗೆಲ್ಲಿ ಬತ್ತದಣ್ಣ? ಐನೂರು ಜನುಕ್ಕೆ ಎಷ್ಟು ಹಾಕ್ತೀನೋ ಅಷ್ಟು ಹಾಕ್ಬುಟ್ಟೆ."

ಎರಡು ದಿನ ಪೈಪು ಹಿಡಿದು ತೊಳೆದೆ. ತೊಳೆದಷ್ಟೂ ಹಳದಿ. ಮೊಣಕೈವರೆಗೆ ಕೈ, ಕೆನ್ನೆ, ಕಿವಿ, ಅಂಗಿ ಎಲ್ಲ ಹಳದಿ. ಪಕ್ಕದ ಟೀ ಅಂಗಡಿಯವನು ಲೋಟ ತಂದುಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಅರಿಶಿನ ಶಾಸ್ತ್ರ ಮಗಳಿಗೋ, ನಿಂಗೋ?"

ಮೂರು ಕುದಿ

ತೊಳೆದ ಮೇಲೆ ನೀರು ತುಂಬಿ, ದಿನಾ ಒಂದಷ್ಟು ಹೊತ್ತು ಇಂಜಿನ್ನು ಚಾಲು ಮಾಡಿ ನಿಲ್ಲಿಸಿದೆ. ಕೆಳಗೆ ಒಂದು ತೊಟ್ಟೂ ಬೀಳಲಿಲ್ಲ. ನೀರು ಮಾತ್ರ ದಿನಾ ಕಮ್ಮಿಯಾಗುತ್ತಿತ್ತು. ನೆಲಕ್ಕೆ ಬೀಳದ ಸೋರಿಕೆಯಷ್ಟು ಹಾಳು ಸೋರಿಕೆ ಇನ್ನೊಂದಿಲ್ಲ. ಒಸಿ ಓಡಿಸಿ ನೋಡೋಣ ಎಂದು ವ್ಯಾನು ಕೊಟ್ಟು ಕಳಿಸಿದೆ. ಕಳಿಸುವಾಗ ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: "ಬಿಸಿ ಮೀಟರಿನ ಮುಳ್ಳು ಮೇಲಕ್ಕೆ ಹೋಗಿ ನೀರು ಕುದಿ ಬಂತು ಅಂದ್ರೆ, ಇಂಜಿನ್ ಆಫ್ ಮಾಡು." ತಲೆಯಾಡಿಸಿದ.

ನಾಲ್ಕನೇ ದಿನ ಸಾವನದುರ್ಗದ ಹತ್ತಿರದಿಂದ ಫೋನು. "ಅಣ್ಣ, ನಿಂತೋಯ್ತು ಕಣಣ್ಣ." ಅಂಗಡಿ ಮುಚ್ಚಿ, ಸುಡು ಬಿಸಿಲಲ್ಲಿ ಬೈಕು ಓಡಿಸಿಕೊಂಡು ಹೋದೆ. ಇಂಜಿನ್ನಿನ ಹತ್ತಿರ ಕೈ ಇಡುವಂತಿರಲಿಲ್ಲ.

"ಕುದಿ ಯಾವಾಗ ಬಂತು?"

"ಮೊದಲ್ನೇದು ಮಾಗಡಿಗಿಂತ ಮುಂಚೆನೇ ಬಂತು."

"ಮೊದಲ್ನೇದು ಅಂದ್ರೆ? ಆಗ್ಲೇ ಯಾಕ್ಲಾ ಆಫ್ ಮಾಡ್ಲಿಲ್ಲ?"

ಅವನು ನನ್ನನ್ನು ಅಡುಗೆ ಗೊತ್ತಿಲ್ಲದವನನ್ನು ನೋಡುವಂತೆ ನೋಡಿದ. "ಒಂದ್ ಕುದಿಗೆ ಏನ್ ಬೇಯ್ತದಣ್ಣ? ಮೂರ್ ಕುದಿ ಬರ್ಲಿ ಅಂತ ಬುಟ್ಟೆ."

ನನಗೆ ಬಂದ ಸಿಟ್ಟಿಗೆ ಅಲ್ಲೇ ಸೌಟು ತಗೊಂಡು ಬಾರಿಸಬೇಕಿತ್ತು. ಬೀಗರೂಟ ನೆನಪಾಗಿ ಕೈ ತಡೆದೆ. ವ್ಯಾನನ್ನು ಕಟ್ಟಿ ಎಳೆಸಿಕೊಂಡು ಬಂದು ಬಿಚ್ಚಿದರೆ, ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರನೇ ಕುದಿಗೆ ಹೆಡ್ ಗ್ಯಾಸ್ಕೆಟ್ ಚೆನ್ನಾಗಿ ಬೆಂದಿತ್ತು.

ಬಣ್ಣದ ಪೈಪು

ಹೆಡ್ಡು ಲೇತಿಗೆ ಕೊಟ್ಟು ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಆದರೂ ನೀರು ಕಮ್ಮಿ. ಮದುವೆಗೆ ಹನ್ನೆರಡು ದಿನ. ಮನೆಯಲ್ಲಿ ಹೆಂಡತಿ, "ಒಂದು ತೂತು ಹುಡುಕಕ್ಕೆ ಆಗ್ದೆ ಇರೋನು ಎಂಥ ಮೆಕ್ಯಾನಿಕ್ಕು?" ಎಂದಳು. ಉಣ್ಣುತ್ತಿದ್ದ ಮುದ್ದೆ ಅಲ್ಲೇ ಬಿಟ್ಟು ಗ್ಯಾರೇಜಿಗೆ ಬಂದೆ.

ರೇಡಿಯೇಟರಿನ ಬಾಯಿಗೆ ಪಂಪು ಕಟ್ಟಿ ಗಾಳಿ ಕೊಟ್ಟು, ವ್ಯಾನಿನ ಕೆಳಗೆ ಮಲಗಿ ಒಂದೊಂದೇ ಇಂಚು ನೋಡುತ್ತಾ ಹೋದೆ. ರೇಡಿಯೇಟರಿನಿಂದ ಇಂಜಿನ್ನಿಗೆ ಒಂದು ಉದ್ದನೆಯ ಕಬ್ಬಿಣದ ಪೈಪು ಇರುತ್ತದೆ. ಸರಿಯಾಗಿ ಸೈಲೆನ್ಸರ್ ಪೈಪಿನ ಮೇಲೆ ಅದು ಹಾದುಹೋಗುವ ಕಡೆ ಹಳದಿ ಕಲೆ ಕಂಡಿತು. ಸೋರಿದ್ದೆಲ್ಲ ಕಾದ ಸೈಲೆನ್ಸರಿನ ಮೇಲೆ ಬಿದ್ದು ಆವಿಯಾಗುತ್ತಿತ್ತು. ನೆಲಕ್ಕೆ ತೊಟ್ಟು ಬೀಳದಿದ್ದುದು ಅದಕ್ಕೆ. "ಸಿಕ್ತು!" ಎಂದು ಕೂಗಿದೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅಡುಗೆಯವನು, "ನೋಡಣ್ಣ, ನಾನು ಅರಿಶಿನ ಹಾಕಿದ್ದುಕ್ಕೇ ಸಿಕ್ಕಿದ್ದು" ಎಂದ.

ಅದನ್ನೂ ನುಂಗಿಕೊಂಡೆ. ಪೈಪು ಬಿಚ್ಚಿ ಬಟ್ಟೆಯಲ್ಲಿ ಒರೆಸಿದೆ. ಕೆಂಪು ಗೆರೆ, ಹಳದಿ ಗೆರೆ, ಮತ್ತೆ ಕೆಂಪು. ಥಳಥಳ ಹೊಳೆಯುತ್ತಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಚೆಂದದ ತೂತು ಪೈಪು ನೋಡಿಲ್ಲ.

ಅಡುಗೆಯವನ ಭಾವಮೈದ ಚನ್ನಪಟ್ಟಣದಲ್ಲೇ ಗೊಂಬೆ ಮಾಡುವವನು. ವ್ಯಾನು ನನ್ನ ಹತ್ತಿರ ಬರುವ ಮೊದಲೇ ಅವನು ತೂತಿಗೆ ಗೊಂಬೆಗೆ ಹಚ್ಚುವ ಬಣ್ಣದ ಅರಗು ಮೆತ್ತಿದ್ದ ಎಂದು ಅಡುಗೆಯವನು ಆಗ ಬಾಯಿ ಬಿಟ್ಟ. ಅರಗು ಬಿಸಿಗೆ ಕರಗುತ್ತದೆ ಎಂಬುದು ಈ ಊರಿನ ಎಳೆ ಮಗುವಿಗೂ ಗೊತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ. ಅಪ್ಪನ ಕಾಲದಿಂದ ಅದೇ ಕಸುಬು ಮಾಡುವವನಿಗೆ ಇದನ್ನು ನಾನು ಹೇಳಿಕೊಡಬೇಕೆ? ಪೈಪು ಹಿಡಿದುಕೊಂಡು ಸೀದಾ ಅವನ ಕಾರ್ಖಾನೆಗೆ ನುಗ್ಗಿ, ಅವನ ಮುಂದೆ ಎಸೆದೆ. "ಇದೇನ್ಲಾ ನಿನ್ ಕೆಲಸ?"

ಅವನು ಪೈಪು ಎತ್ತಿಕೊಂಡ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಮುಖ ಸಣ್ಣಗಾಯಿತು.

"ಗೆರೆ ಒಸಿ ಸೊಟ್ಟ ಬಂದೈತೆ ಕಣಣ್ಣ. ಏನ್ಮಾಡದು, ಪೈಪು ತಿರುಗ್ನಿಲ್ಲ. ನಾನೇ ಅದರ ಸುತ್ತ ತಿರುಗ್ದೆ."

ಹಸಿರು ನೀರು

ಹೊಸ ಪೈಪು, ಹೊಸ ಕ್ಲಿಪ್ಪು, ಹೊಸ ಮುಚ್ಚಳ ಹಾಕಿದೆ. ಬರೀ ನೀರಿನ ಬದಲು ಹಸಿರು ಕೂಲೆಂಟ್ ತುಂಬಿದೆ. ಎರಡು ದಿನ ನಾನೇ ಓಡಿಸಿ ನೋಡಿದೆ. ಒಂದು ಗೆರೆಯಷ್ಟೂ ಇಳಿಯಲಿಲ್ಲ. ಎದೆಯುಬ್ಬಿಸಿ ವ್ಯಾನು ಕೊಡುವಾಗ ಅಡುಗೆಯವನಿಗೆ ಹೇಳಿದೆ: "ಕೇಳಿಲ್ಲಿ. ಕೆಳಗೆ ಹಸಿರು ನೀರು ಕಂಡ್ರೆ ಅಲ್ಲೇ ನಿಲ್ಸಿ ನಂಗೆ ಫೋನ್ ಮಾಡು. ಏನಾದ್ರೂ ಮುಟ್ಟುದ್ಯೋ, ಕೈ ಮುರೀತೀನಿ."

ಮದುವೆ ಚೆನ್ನಾಗಿಯೇ ಆಯಿತು. ಮೂರನೇ ದಿನ ನಮ್ಮ ಊರಲ್ಲಿ ಬೀಗರೂಟ. ಕಬ್ಬಾಳಮ್ಮನಿಗೆ ಕೈ ಮುಗಿದು ಹಾಗೇ ಬರುತ್ತೇವೆ ಎಂದು ಬೀಗರು ಹೇಳಿ ಕಳಿಸಿದ್ದರು. ಬೆಳಿಗ್ಗೆ ಕುರಿ ಕಡಿದಾಯಿತು, ಶಾಮಿಯಾನ ಕಟ್ಟಿಯಾಯಿತು. ಎಂಟಾಯಿತು, ಒಂಬತ್ತಾಯಿತು, ವ್ಯಾನಿಲ್ಲ. ಆಗ ಫೋನು ಹೊಡೆದುಕೊಂಡಿತು.

"ಅಣ್ಣ, ಹಸಿರು ನೀರು!"

ರೇಷ್ಮೆ ಪಂಚೆಯಲ್ಲೇ ಬೈಕು ಹತ್ತಿದೆ. ಕಬ್ಬಾಳಿನ ದಾರಿಯಲ್ಲಿ ಹುಣಸೆಮರದ ಕೆಳಗೆ ವ್ಯಾನು ನಿಂತಿತ್ತು. ಅಡುಗೆಯವನು ಹತ್ತು ಮಾರು ದೂರದಲ್ಲಿ ನಿಂತಿದ್ದ, ಹತ್ತಿರ ಹೋದರೂ ಕೈ ಮುರಿದೇನು ಎಂಬ ಭಯಕ್ಕೆ. ಬಗ್ಗಿ ನೋಡಿದೆ. ಇಂಜಿನ್ನಿನ ಕೆಳಗೆ ತೊಟ್ಟು ತೊಟ್ಟಾಗಿ ಹಸಿರು. ಇಷ್ಟು ವರ್ಷದ ಕಸುಬು, ಇಷ್ಟು ದಿನದ ದುಡಿಮೆ, ಮಗಳ ಮಾನ, ಎಲ್ಲ ರಸ್ತೆಗೆ ಸೋರುತ್ತಿತ್ತು.

ಗೋಣಿಚೀಲ ಹಾಸಿ ಕೆಳಗೆ ನುಗ್ಗಿದೆ. ಪೈಪು ಮುಟ್ಟಿದೆ, ಒಣಗಿದೆ. ಹೋಸು ಒಣಗಿದೆ. ವಾಟರ್ ಪಂಪು ಒಣಗಿದೆ. ಆದರೂ ಹಣೆಯ ಮೇಲೆ ಟಪ್ ಎಂದು ಬೀಳುತ್ತಲೇ ಇದೆ. ಪೈಪು ಮಾರಿದವನನ್ನು ಬೈದೆ, ಅಡುಗೆಯವನನ್ನು ಬೈದೆ, ಅವನ ಭಾವಮೈದನನ್ನು ಬೈದೆ. ಕೊನೆಗೆ, "ಹೇಳ್ದೆ ಕೇಳ್ದೆ ಎಲೆ ಅಡಿಕೆ ಕೊಟ್ಳಲ್ಲ, ಅವಳ ಬಾಯಿಗೆ ಮಣ್ಣಾಕ" ಎಂದು ಊರಿಗೇ ಕೇಳಿಸುವಂತೆ ಹೆಂಡತಿಯನ್ನೂ ಬೈದೆ. ಸಿಟ್ಟಿನಲ್ಲಿ ನನ್ನ ಮೂಗು ಕೆಲಸ ಮಾಡುತ್ತಿರಲಿಲ್ಲ ಎಂದು ಕಾಣುತ್ತದೆ.

ಅಷ್ಟರಲ್ಲಿ ಒಂದು ಮಿನಿಬಸ್ಸು ಬಂದು ನಿಂತಿತು. ಕೆಳಗಿನಿಂದ ನನಗೆ ಕಂಡದ್ದು ಪಾದಗಳು ಮಾತ್ರ. ಹೊಸ ಚಪ್ಪಲಿ, ರೇಷ್ಮೆ ಸೀರೆಯ ಅಂಚು, ಮತ್ತೂ ಹೊಸ ಚಪ್ಪಲಿ.

"ಇದು ನಮ್ ಊಟದ ವ್ಯಾನಲ್ವಾ? ಬೀಗ್ರು ಎಲ್ಲವ್ರೆ?" ಎಂದು ಗಂಡಿನ ತಂದೆಯ ದನಿ ಕೇಳಿತು.

"ಕೆಳ್ಗವ್ರೆ" ಎಂದ ಅಡುಗೆಯವನು.

ಭೂಮಿ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಹೋಗುತ್ತಿದ್ದೆ. ಮೇಲೆ ವ್ಯಾನಿನ ಬಾಗಿಲು ಸರಿದ ಸದ್ದಾಯಿತು. ಆಮೇಲೆ ಬೀಗರು ಬಗ್ಗಿ, "ಈಚೆಗ್ ಬನ್ನಿ ಬೀಗ್ರೇ. ನಿಮ್ ಲೀಕು ಸಿಕ್ತು" ಎಂದರು.

ಹೊರಗೆ ತೆವಳಿ ಬಂದೆ. ಸೀಟಿನ ಹಿಂದೆ ದೊಡ್ಡ ಪಾತ್ರೆಯೊಂದು ವಾಲಿಕೊಂಡು ಮುಚ್ಚಳ ಸರಿದಿತ್ತು. ಮನೆಯಲ್ಲೇ ರುಬ್ಬಿಕೊಂಡು ಬಂದಿದ್ದ ಕೊತ್ತಂಬರಿ ಪುದೀನ ಮಸಾಲೆ ವ್ಯಾನಿನ ತುಕ್ಕು ಹಿಡಿದ ತಳದ ತೂತಿನಿಂದ ಇಳಿದು, ಚಾಸಿಸ್ಸಿನ ಉದ್ದಕ್ಕೂ ಹರಿದು, ಇಂಜಿನ್ನಿನ ಕೆಳಗೆ ತೊಟ್ಟಿಕ್ಕುತ್ತಿತ್ತು. ನಾನು ಮುಕ್ಕಾಲು ಗಂಟೆ ಹುಡುಕಿದ್ದು ಮಾಂಸದ ಮಸಾಲೆಯನ್ನು.

ಮಿನಿಬಸ್ಸಿನ ಕಿಟಕಿಯಲ್ಲಿ ನನ್ನ ಮಗಳು ಅತ್ತೆಯ ಭುಜಕ್ಕೆ ಒರಗಿ ನಗುತ್ತಿದ್ದಳು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು, ಅವಳ ಕೈ ಹಿಡಿದುಕೊಂಡು, ಅವಳಿಗಿಂತ ಜಾಸ್ತಿ ನಗುತ್ತಿದ್ದರು. ಅದನ್ನು ಕಂಡು ನನಗೆ ಜೀವ ಬಂತು. ಜೀವ ಬಂದ ಕೂಡಲೇ ಸಿಟ್ಟೂ ಬಂತು. ಅಡುಗೆಯವನ ಕಡೆ ತಿರುಗಿ ಬಾಯಿ ತೆರೆದೆ.

ಬೀಗರು ಕೈ ಅಡ್ಡ ಮಾಡಿ ತಡೆದರು. ಪಾತ್ರೆಗೆ ಕಿರುಬೆರಳು ಅದ್ದಿ ನೆಕ್ಕಿದರು. ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿದರು.

"ಉಪ್ಪು ಒಸಿ ಕಮ್ಮಿ ಐತೆ" ಎಂದರು. "ಇದನ್ನೂ ಕೆಳ್ಗೆ ಮಲಗಿಯೇ ನೋಡ್ತೀರಾ ಬೀಗ್ರೇ?"