ಘಟಸರ್ಪದ ಶತ್ರುಗಳು

ನಮ್ಮ ಚಿಕ್ಕಪ್ಪನಂಥ ಧೈರ್ಯವಂತ ದಾವಣಗೆರೆಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ನಾನು ಹೇಳಿದರೆ, ಅವನನ್ನು ಕಂಡವರು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ಹಲ್ಲಿ ಲೊಚಗುಟ್ಟಿದರೆ ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಳ್ಳುತ್ತಿದ್ದವನು, ಕ್ಷೌರದ ಕತ್ತಿ ಕಂಡರೆ ಶಿವ ಶಿವಾ ಎನ್ನುತ್ತಿದ್ದವನು, ಅವನು ಧೈರ್ಯವಂತ ಹೇಗಾದ? ಅದನ್ನೇ ಹೇಳಹೊರಟಿದ್ದೇನೆ.

ನಯಾಪೈಸೆ ಹೊಸದಾಗಿ ಬಂದ ಕಾಲ. ಚಿಕ್ಕಪ್ಪನದೊಂದು ಮಂಡಕ್ಕಿ ಭಟ್ಟಿ ಇತ್ತು. ಬಾಣಲೆಯಲ್ಲಿ ಕಾದ ಮರಳಿಗೆ ಅಕ್ಕಿ ಬೀಳುತ್ತಿದ್ದಂತೆ ಚಟಪಟ ಅರಳಿ ಮಂಡಕ್ಕಿಯಾಗುತ್ತಿತ್ತು. ಕೆಳಗಿನ ಒಲೆಯ ಬಾಯಿಗೆ ಬೆಳಗಿನಿಂದ ಸಂಜೆತನಕ ಭತ್ತದ ಹೊಟ್ಟು ಸುರಿಯುತ್ತಲೇ ಇರಬೇಕು. ಆ ಒಲೆಯೊಳಗೆ ಒಂದು ಘಟಸರ್ಪ ವಾಸವಾಗಿದೆ ಎಂದು ಚಿಕ್ಕಪ್ಪ ಹೇಳುತ್ತಿದ್ದ. ಅದೇ, ಅಜ್ಜಿಕಥೆಗಳಲ್ಲಿ ನಿಧಿ ಕಾಯುತ್ತ, ರೆಕ್ಕೆ ಬಡಿಯುತ್ತ, ಬೆಂಕಿ ಉಗುಳುತ್ತದಲ್ಲ, ಅದು. ನಿಜವಾಗಿ ನಂಬಿದ್ದನೋ, ನನ್ನನ್ನು ಆಟವಾಡಿಸುತ್ತಿದ್ದನೋ, ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ತಾಯಿ ನನ್ನನ್ನು ಹೆತ್ತ ದಿನವೇ ತೀರಿಕೊಂಡಳು. ಅಪ್ಪ ಮತ್ತೊಂದು ಮದುವೆಯಾಗಿ ಲೋಕಿಕೆರೆಯಲ್ಲಿ ಹೊಲ ನೋಡಿಕೊಂಡಿದ್ದ. ಮಕ್ಕಳಿಲ್ಲದ ಚಿಕ್ಕಪ್ಪ ಚಿಕ್ಕಮ್ಮನೇ ನನ್ನನ್ನು ಸಾಕಿದವರು. ಆ ಒಲೆಯ ಕೆಂಪು ಬಾಯಿ ಕಂಡರೆ ನನಗೆ ಜೀವ ಹೋಗುತ್ತಿತ್ತು. ಚಿಕ್ಕಪ್ಪ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳುತ್ತಿದ್ದ.

"ನೀ ಯಾಕ ಅಂಜ್ತಿ ಕೂಸೇ? ಪಾಪ, ಅದೇ ಅಂಜಿ ಒಳಗ ಕುಂತೈತೆ."

"ಯಾರಿಗೆ?"

ಯಾರಿಗೆಂದು ಕೇಳಿದ್ದೇ ತಪ್ಪಾಯಿತು! ಮೇಲೆ ನೋಡಿದರೆ ಗರುಡ, ಕೆಳಗೆ ಮುಂಗುಸಿ, ನಡುವೆ ನವಿಲು. ಕಣ್ಣಿಗೆ ಕಾಣದ ಇರುವೆ ಬೇರೆ, ಮಲಗಿದ್ದಾಗ ರೆಪ್ಪೆ ಕಚ್ಚುತ್ತದಂತೆ. ಒದ್ದೆ ಹೊಟ್ಟು ಬಿದ್ದರೆ ಕೆಮ್ಮು. ಎಲ್ಲಕ್ಕಿಂತ ಕೆಟ್ಟವನು ರಾಜಕುಮಾರ. "ಮಾಡಾಕೆ ಕೆಲ್ಸ ಇಲ್ದೋರು, ಕತ್ತಿ ಹಿಡ್ಕಂಡು ಬಂದುಬಿಡ್ತಾರೆ" ಎಂದು ಚಿಕ್ಕಪ್ಪ ಹಲ್ಲು ಕಡಿಯುತ್ತಿದ್ದ. ಇಷ್ಟು ಶತ್ರುಗಳಿದ್ದ ಮೇಲೆ ಅದು ಹೊರಗೆ ಬರುವುದೇ ಇಲ್ಲವೇ ಎಂದು ಒಮ್ಮೆ ಕೇಳಿದೆ. ಚಿಕ್ಕಪ್ಪ ಒಲೆಯ ಬಾಯಿಗೆ ಒಂದು ಮೊರ ಹೊಟ್ಟು ಸುರಿದ.

"ಮರಿ ಕೂಗಿದ್ರೆ ಬರ್ತೈತೆ" ಎಂದ.

ಅವನ ಕಾಳಜಿ ಬಾಯಿಮಾತಿನದಲ್ಲ. ಗುರುವಾರ ಸಂಜೆ ಅಂಗಡಿಗಳಿಗೆ ಲೋಬಾನದ ಹೊಗೆ ಹಾಕಲು ಒಬ್ಬ ಫಕೀರ ಸಾಬರು ಬರುತ್ತಿದ್ದರು. ಕೈಯಲ್ಲಿ ನವಿಲುಗರಿಯ ಕಟ್ಟು. ಒಂದು ದಿನ ಚಿಕ್ಕಪ್ಪ ಬಾಗಿಲಲ್ಲೇ ಅಡ್ಡ ನಿಂತ.

"ಸಾಬ್ರೆ, ಹೊಗೆ ಒಳಗ ಬರ್ಲಿ, ಗರಿ ಹೊರಗ ಇರ್ಲಿ."

"ಗರಿ ಇಲ್ದೆ ದುವಾ ಹೆಂಗ್ರಿ ಸಾವ್ಕಾರ್ರೆ?"

"ಬರೇ ಕೈಯಾಗ ಮಾಡ್ರಿ. ನವಿಲು ಅಂದ್ರೆ ಅದಕ್ಕೆ ಆಗಾಕಿಲ್ಲ" ಎಂದು ಒಲೆಯ ಕಡೆ ಕಣ್ಣು ಮಾಡಿ ಕಿವಿಯಲ್ಲಿ ಏನೋ ಉಸುರಿದ. ಸಾಬರು ಬಗ್ಗಿ ಒಲೆಯೊಳಗೆ ದಿಟ್ಟಿಸಿ ನೋಡಿದರು. ನಗಲಿಲ್ಲ. ಅಂದಿನಿಂದ ಪ್ರತಿ ಗುರುವಾರ ಗರಿಕಟ್ಟನ್ನು ಪಕ್ಕದ ಬೆಲ್ಲದಂಗಡಿಯಲ್ಲಿ ಇಟ್ಟೇ ನಮ್ಮ ಭಟ್ಟಿಗೆ ಬರುತ್ತಿದ್ದರು.

ಚಿಕ್ಕಮ್ಮ ಮಾತ್ರ, "ಅದಕ್ಕೆ ದೊಡ್ಡ ಶತ್ರು ನಾನೇ ಅದೀನಿ, ಒಂದು ಕೊಡ ನೀರು ಸಾಕು" ಎಂದು ಗದರುತ್ತಿದ್ದಳು. ಹಾಗೆಂದ ದಿನ ಚಿಕ್ಕಪ್ಪ ಕೊಡಗಳನ್ನೆಲ್ಲ ಹಿತ್ತಲಿಗೆ ಸಾಗಿಸಿಬಿಡುತ್ತಿದ್ದ.

ನನಗೆ ಹರಿಹರದ ಗಂಡು ಬಂದಾಗ ಶುರುವಾಯಿತು ನೋಡಿ ರಂಪ! ಹುಡುಗ ಒಳ್ಳೆಯವನು, ಕಾರ್ಖಾನೆಯಲ್ಲಿ ಕೆಲಸ. ಚಿಕ್ಕಪ್ಪ ಚಿಕ್ಕಮ್ಮನನ್ನು ಅಡಿಗೆಮನೆಗೆ ಕರೆದ. "ಕತ್ತಿ ಗಿತ್ತಿ ಏನಾರ ತಂದಾನೇನು ನೋಡು." ಕತ್ತಿ ಇರಲಿಲ್ಲ, ಒಂದು ಕೊಡೆ ಇತ್ತು. ಆದರೂ ಸಮಾಧಾನವಿಲ್ಲ. "ಆ ಊರ ದೇವ್ರು ಅರ್ಧ ಹರಿ, ಅರ್ಧ ಹರ. ಹರಿ ಕಡೆ ಗರುಡ, ಹರನ ಕೊಳ್ಳಾಗ ಹಾವು. ಎರಡೂ ಒಂದೇ ಗುಡ್ಯಾಗ! ಅಂಥಾ ಊರಾಗ ನಮ್ಮ ಕೂಸು ಹೆಂಗೆ ಬಾಳ್ವೆ ಮಾಡ್ತೈತೆ?"

"ಅವು ಇಷ್ಟು ವರ್ಷ ಬಾಳ್ವೆ ಮಾಡಿಲ್ವೇನ್ರಿ?" ಎಂದಳು ಚಿಕ್ಕಮ್ಮ. ಮದುವೆಯಾಯಿತು.

ಹರಿಹರವೇನು ದೂರವೇ? ರೈಲಿನಲ್ಲಿ ಕೂತು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಊರು ಬರುತ್ತದೆ. ಆದರೆ ಚಿಕ್ಕಪ್ಪ ಜನ್ಮದಲ್ಲಿ ರೈಲು ಹತ್ತಿದವನಲ್ಲ. ಬೆಂಕಿ ತಿಂದು, ಹೊಗೆ ಬಿಟ್ಟು, ಜನರನ್ನು ಜೀವಸಹಿತ ನುಂಗುವ ಆ ಕಬ್ಬಿಣದ ಪ್ರಾಣಿ ಘಟಸರ್ಪದ ದಾಯಾದಿ, ದಾಯಾದಿಗಿಂತ ಶತ್ರು ಬೇರೆ ಬೇಕೇ ಎಂಬುದು ಅವನ ವಾದ. "ಹೋಗಿ ಹೋಗಿ ಅದರ ಹೊಟ್ಟೆಯಾಗ ಕೂಡ್ರಾಕೆ ನನಗೇನು ತಲೆ ಕೆಟ್ಟೈತೇನು?" ನನ್ನನ್ನು ನೋಡಬೇಕೆನಿಸಿದರೆ ಎತ್ತಿನ ಗಾಡಿ ಕಟ್ಟುತ್ತಿದ್ದ.

ನಾನು ಬಸುರಿಯಾದೆ. ನಗುವ ಮಾತು ಇಲ್ಲಿಗೆ ಮುಗಿಯಿತು. ತಾಯಿ ಹೋದ ದಾರಿಯಲ್ಲೇ ನಾನೂ ಹೋಗುತ್ತೇನೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಿ, ಚಿಕ್ಕಪ್ಪ ಬಂದು ಕರೆದೊಯ್ಯುತ್ತಾನೆ, ಅಲ್ಲಿಗೆ ಹೋದರೆ ಉಳಿಯುತ್ತೇನೆ ಎಂದುಕೊಂಡು ಬಾಗಿಲು ಕಾಯುತ್ತ ಕೂತೆ.

ಚಿಕ್ಕಪ್ಪ ಗಾಡಿ ಕಟ್ಟಿದ. ನೊಗದ ಮೇಲೆ ಹದ್ದು ಕೂತಿತೆಂದು ಬಿಚ್ಚಿದ. ಮುಂದಿನ ವಾರ ಊರು ದಾಟುವಷ್ಟರಲ್ಲಿ ಮುಂಗುಸಿ ಅಡ್ಡ ಬಂತು. ಮುಂಗುಸಿ ಅಡ್ಡ ಬಂದರೆ ಊರೆಲ್ಲ ಶುಭವೆಂದು ಕೈ ಮುಗಿಯುತ್ತದೆ. ನಮ್ಮ ಚಿಕ್ಕಪ್ಪ ಗಾಡಿ ತಿರುಗಿಸಿದ! ಆಮೇಲೆ ಮಳೆ ಹಿಡಿಯಿತು, ಹೊಟ್ಟು ಒದ್ದೆಯಾಯಿತು, ಒಲೆ ಆರುತ್ತದೆಂದು ಅದರ ಮುಂದೆಯೇ ಕೂತ. ಇತ್ತ ಎಂಟನೇ ತಿಂಗಳಲ್ಲೇ ನನಗೆ ನೋವು ಶುರುವಾಯಿತು.

ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದರು. ದಾದಿಯೊಬ್ಬಳು ಇನ್ನೊಬ್ಬಳಿಗೆ ಮೆಲ್ಲಗೆ, "ಕಷ್ಟ ಐತೆ" ಎಂದಿದ್ದು ನನಗೆ ಕೇಳಿಸಿತು. ನಾನು ಕಾಣದ ತಾಯಿಯ ಮುಖ ನೆನಪಿಸಿಕೊಳ್ಳಲು ಹೋದೆ. ಬರಲಿಲ್ಲ. ಚಿಕ್ಕಪ್ಪಾ ಎಂದು ಕಿರುಚಿಕೊಂಡೆ. ಹೊರಗಿದ್ದ ಯಜಮಾನರು ಅದನ್ನು ಕೇಳಿ ದಾವಣಗೆರೆಗೆ ಓಡಿದರು. ಚಿಕ್ಕಪ್ಪ ಬರಲಾರ ಎಂದು ನನಗೆ ಗೊತ್ತಿತ್ತು. ಗಾಡಿ ಬರುವುದರೊಳಗೆ ಎಲ್ಲ ಮುಗಿದಿರುತ್ತದೆ.

ಮುಂದಿನದು ಯಜಮಾನರು ಆಮೇಲೆ ಹೇಳಿದ್ದು. ಇವರು ಭಟ್ಟಿಯ ಬಾಗಿಲಲ್ಲಿ ನಿಂತು, "ನಿಮ್ಮ ಹೆಸ್ರು ಹಿಡಿದು ಕೂಗ್ತಾ ಅದಾಳೆ" ಎಂದರಂತೆ. ಚಿಕ್ಕಪ್ಪ ಕೈಯಲ್ಲಿದ್ದ ಹೊಟ್ಟಿನ ಮೊರ ಅಲ್ಲೇ ಬಿಟ್ಟ. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಸ್ಟೇಷನ್ನಿಗೆ ಬರಿಗಾಲಲ್ಲಿ ನಡೆದ, ರೈಲು ಹತ್ತಿದ, ತಲೆಯ ಮೇಲೆ ಟವೆಲ್ಲು ಮುಚ್ಚಿಕೊಂಡು, ಇವರ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತ. ಇಂಜಿನ್ನು ಕೂಗಿದಾಗ ಒಂದೇ ಮಾತು: "ನುಂಗ್ತೈತೇನ್ರಿ?" ಇವರ ಕೈ ಮೇಲಿನ ಉಗುರಿನ ಗುರುತು ವಾರವಿಡೀ ಹೋಗಲಿಲ್ಲ.

ಹೆರಿಗೆ ಕೋಣೆಗೆ ಗಂಡಸರನ್ನು ಬಿಡುವುದಿಲ್ಲ. ಕಿಟಕಿಯ ಆಚೆ, ನನಗೆ ಬೆನ್ನು ಮಾಡಿ ನಿಂತ ಒಂದು ಟವೆಲ್ಲಿನ ತಲೆ ಕಂಡಿತು. ಅವನ ಮೈಯೆಲ್ಲ ಗಡಗಡ ನಡುಗುತ್ತಿತ್ತು.

"ಚಿಕ್ಕಪ್ಪಾ, ನನಗೆ ಭಯ ಆಗ್ತೈತೆ" ಎಂದೆ.

"ನೀ ಅಂಜಬ್ಯಾಡ ಕೂಸೇ" ಎಂದ, ತಿರುಗದೆ. "ಅಂಜಾಕೆ ನಾ ಬಂದೀನಿ. ನೀ ಹಡಿ."

ಅಂಥ ನೋವಿನಲ್ಲೂ ನನಗೆ ನಗು ಬಂತು. ಹಿಂದೆಯೇ ಅಳು ಬಂತು. ಸ್ವಲ್ಪ ಹೊತ್ತಿಗೆ ನನ್ನ ಮಗಳೂ ಅತ್ತಳು. ಕಿಟಕಿಯ ಆಚೆ ಚಿಕ್ಕಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ.