ಅರಿಷಿಣ ಹಚ್ಚಿದ ಷೇರು ಪತ್ರ

ಕೋರ್ಟು ಕಚೇರಿ ಅಂದ್ರ ಅಳು ಅಂತಾರ ಮಂದಿ. ನಾನು ಹೋದಾಗೆಲ್ಲ ನಗು ಬರುವಂಥದ್ದೇ ಏನಾದರೂ ಆಗತೈತಿ.

ಸಿರುಗುಪ್ಪದಾಗ ನಮ್ಮಪ್ಪನ ಅಕ್ಕಿ ಮಿಲ್ಲು ಐತಿ. ಅದನ್ನ ಕಂಪನಿ ಮಾಡಿ, ನನಗೂ ನನ್ನ ತಮ್ಮಗೂ ಷೇರು ಬರೆದುಕೊಟ್ಟು ತೀರಿಹೋದ. ಈಗ ತಮ್ಮ ಮಿಲ್ಲು ಮಾರಾಕ ಹೊಂಟಾನ. ಅಕ್ಕನ ಹೆಸರಿನಾಗ ಷೇರೇ ಇಲ್ಲ ಅಂತಾನ. ಕಂಪನಿ ದಫ್ತರಕ್ಕೆ ಗೆದ್ದಲು ಹತ್ತಿ ಮಣ್ಣಾಗೈತಿ. ಉಳಿದದ್ದು ನನ್ನ ಟ್ರಂಕಿನಾಗಿನ ಷೇರು ಪತ್ರ ಒಂದೇ. ಮಿಲ್ಲು ಉಳಿಸಾಕ ಕೇಸು ಹಾಕಿದೆ.

ಇದ್ದದ್ದೆಲ್ಲ ತೋರಿಸ್ರಿ

ಪಾರ್ವತಿನಗರದ ನಮ್ಮ ವಕೀಲರು ಹೇಳಿದರು, "ಯವ್ವಾ, ಕೇಸಿಗೆ ಸೇರಿದ ಕಾಗದ ಎಲ್ಲಾ ಎದುರಿನವರಿಗೆ ತೋರಿಸಬೇಕು. ನಮಗ ಅನುಕೂಲ ಇದ್ದದ್ದು, ಇಲ್ಲದ್ದು, ಎರಡೂ."

"ನಮ್ಮ ಮೈಮ್ಯಾಲೆ ಬರೋದನ್ನೂ ನಾವೇ ಕೊಡಬೇಕೇನ್ರಿ?"

"ಹೌದ್ರಿ. ಮುಚ್ಚಿಟ್ರ ಜಡ್ಜ್ ಸಿಟ್ಟಾಗ್ತಾರ. ಅವರೂ ಹಂಗೇ ಕೊಡಬೇಕು."

"ನಮ್ಮನಿಯವರು ಹೆಣ್ಣು ನೋಡಾಕ ಬಂದಾಗ ಈ ಕಾನೂನು ಎಲ್ಲಿ ಹೋಗಿತ್ರಿ? ಅವರ ಗೊರಕಿ ಸುದ್ದಿ ಒಬ್ಬರೂ ಹೇಳಲಿಲ್ಲ!"

ಗುಲಾಬಿ ಕಟ್ಟು

ಫೋನಿನಾಗ ತಮ್ಮ ಕಳಿಸಿದ್ದೂ ಕಾಗದದ ಲೆಕ್ಕವೇ ಅಂದರು ನಮ್ಮ ವಕೀಲರು. ನನ್ನ ಸೊಸಿ ಎಲ್ಲಾ ಪ್ರಿಂಟ್ ತೆಗೆಸಿದಳು. ಕೇಸು ಹಾಕಿದ ಮ್ಯಾಲೆ ತಮ್ಮ ಮಾತು ಬಿಟ್ಟಿದ್ದ. ಆದರ ದಿನಾ ಮುಂಜಾನೆ ಗುಲಾಬಿ ಚಿತ್ರದ ಜೋಡಿ 'ಶುಭೋದಯ' ಕಳಿಸೋದು ಬಿಟ್ಟಿರಲಿಲ್ಲ. ಅವನ ವಕೀಲರು ನಾವು ಕೊಟ್ಟ ಆ ಕಟ್ಟು ತಿರುವಿ ತಿರುವಿ ಸಾಕಾಗಿ ಅವನನ್ನೇ ಕೇಳಿದರು, "ಏನ್ರಿ, ಅಕ್ಕನ ಜೋಡಿ ಕೇಸು ನಡೆಸೀರೋ, ಹೂವಿನ ಅಂಗಡಿ ಇಟ್ಟೀರೋ?"

ಕುಂಕುಮದ ಕೆಳಗಿನ ಹೆಸರು

ಅಸಲು ಷೇರು ಪತ್ರ ನೋಡಬೇಕಂತ ತಮ್ಮ, ಅವನ ವಕೀಲರು ಇಬ್ಬರೂ ನಮ್ಮ ವಕೀಲರ ಆಫೀಸಿಗೆ ಬಂದರು. ನಾನು ಬಿಚ್ಚಿಟ್ಟೆ. ಪ್ರತಿ ದೀಪಾವಳಿಗೂ ಲಕ್ಷ್ಮಿ ಮುಂದಿಟ್ಟು ಅರಿಷಿಣ ಕುಂಕುಮ ಹಚ್ಚಿದ ಪತ್ರ ಅದು. ಹೆಸರಿನ ಜಾಗದಾಗ ಕುಂಕುಮ ಗಟ್ಟಿಯಾಗಿ ಕುಂತುಬಿಟ್ಟಿತ್ತು. ಕೆರೆದರ ಕಾಗದವೇ ಕಿತ್ತು ಬರತೈತಿ. ನಮ್ಮ ವಕೀಲರ ಮಾರಿ ಇಳಿದುಹೋತು.

ಅವನ ವಕೀಲರು ನಕ್ಕರು. "ಎಲ್ಲೈತಿ ಅಮ್ಮಾ ನಿಮ್ಮ ಹೆಸರು? ಬರೇ ಕುಂಕುಮ ಐತಲ್ರಿ!"

ನಾನು ಬಾಯಿ ತೆಗೆಯೋದರೊಳಗ ತಮ್ಮ ನನ್ನ ಮ್ಯಾಲೆ ರೇಗಿದ. "ಅಕ್ಕಾ, ಪೂಜಿಗೆ ಬಂದಾಗೆಲ್ಲ ಬಡಕೊಂಡೆ! ನಿನ್ನ ಹೆಸರಿನ ಮ್ಯಾಲೆ ಹಚ್ಚಬ್ಯಾಡ, ಮೂಲಿಗೆ ಹಚ್ಚು ಅಂತ. ಕೇಳಿದೇನು ನೀನು?"

ನಮ್ಮ ವಕೀಲರು ಆ ಮಾತು ಬರಕೊಳ್ಳಾಕ ಲಗೂನ ಪೆನ್ನು ತೆಗೆದರು. ಅವನ ವಕೀಲರು ತಲಿ ಮ್ಯಾಲೆ ಕೈ ಇಟ್ಟುಕೊಂಡು, "ಸಾಹೇಬ್ರ, ನೋಡಾಕ ಬಂದದ್ದು ಕಾಗದ. ನೀವು ಕೇಸನ್ನೇ ಕೊಟ್ಟುಬಿಟ್ರಿ!" ಅಂದರು.

ಮಿಲ್ಲು ಮಾರೋದು ಅಲ್ಲಿಗೇ ನಿಂತಿತು. ಮರುದಿನ ಮುಂಜಾನೆ ಗುಲಾಬಿ ತಪ್ಪದೆ ಬಂತು. ಕೆಳಗ ಬರೆದದ್ದನ್ನ ಸೊಸಿ ಓದಿ ಹೇಳಿದಳು: "ಶುಭೋದಯ. ಇನ್ನ ಮ್ಯಾಲಾದ್ರೂ ಮೂಲಿಗೆ ಹಚ್ಚು."