ಪ್ರೋಟೀನುಗಳು ಗೇಟು ದಾಟಿದ ದಿನ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಗುಂಡುಪಿನ್ನು. ಎರಡು ಚೀಟಿಗೆ ಎರಡು ಪಿನ್ನು ಬೇಕಿತ್ತು. ಜೀವಶಾಸ್ತ್ರದ ಮೇಷ್ಟ್ರು ಗಡಿಬಿಡಿಯಲ್ಲಿ ಒಂದರ ಮೇಲೊಂದಿಟ್ಟು ಒಂದೇ ಪಿನ್ನು ಚುಚ್ಚಿದರು.

"ಇವತ್ತಾದ್ರೂ ಗಟ್ಟಿಯಾಗಿ ಮಾತಾಡಿ," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. "ತಪಾಸಣೆಯವರು ಸಹಿ ಹಾಕಿದ್ರೆ ಕೆಲಸ ಖಾಯಂ. ಇಲ್ಲದಿದ್ರೆ ತಿಂಗಳ ಕೊನೆಗೆ ಮನೇಲೇ ಕೂರ್ತೀರಿ. ಹಗಲೆಲ್ಲ ನಿಮ್ಮ ಮುಖ ನೋಡೋ ಶಕ್ತಿ ನನಗಿಲ್ಲಪ್ಪಾ."

ಮೇಷ್ಟ್ರಿಗೂ ಆ ಶಕ್ತಿ ಇರಲಿಲ್ಲ. ಕ್ಷೌರಕ್ಕೂ ಅವರು ಕನ್ನಡಿ ನೋಡುತ್ತಿದ್ದುದು ಅರೆಗಣ್ಣಿನಲ್ಲೇ. ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ದೇವರ ಪದ್ಯಗಳನ್ನು ಕೇಳಿ ಬೆಳೆದವರು. ಕೇಳುವ ಕಿವಿ ಬಂದಿತ್ತು, ಹೇಳುವ ಗಂಟಲು ಬಂದಿರಲಿಲ್ಲ. ಐದು ವರ್ಷದಿಂದ ಮೊದಲ ಬೆಂಚಿನವರಿಗೆ ಮಾತ್ರ ಪಾಠ ಮಾಡುತ್ತಿದ್ದರು. ಮೊದಲ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ಅದಕ್ಕೇ ಈ ಸಲ ಮಾತಿನ ಬದಲು ಆಟ. ಜೀವಕೋಶದೊಳಗೆ ಪ್ರೋಟೀನುಗಳು ಸಾಗುವುದನ್ನು ಮನುಷ್ಯರ ಕೈಲೇ ಆಡಿಸಿ ತೋರಿಸುವುದು. ವಿದ್ಯಾರ್ಥಿಗಳಿಗೆ ಅಂದೇ ಪರೀಕ್ಷೆ ಎಂದು ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು. ಹತ್ತು ಜನ ಸಹೋದ್ಯೋಗಿಗಳೇ ಪ್ರೋಟೀನಾದರು.

"ಪ್ರೋಟೀನಿನ ವಿಳಾಸ ಅದರ ಮೈಮೇಲೇ ಇರುತ್ತೆ," ಮೇಷ್ಟ್ರು ವಿವರಿಸಿದರು. "ಬಿಳಿ ಚೀಟಿ ಬಾಗಿಲೊಳಗೆ ಬಿಡೋದಕ್ಕೆ. ಒಳಗೆ ಬಂದ ತಕ್ಷಣ ಅದನ್ನ ಕತ್ತರಿಸಿಬಿಡ್ತಾರೆ. ಆಮೇಲೆ ಗುಲಾಬಿ ಚೀಟಿ ನೋಡಿ ವಿಂಗಡಣೆ. ಕೋಶದ ಕಸ ಅರಗಿಸೋ ಲೈಸೊಸೋಮ್ ಅಂತಿದ್ರೆ ಹಳೇ ಸಾಮಾನಿನ ಕೋಣೆಗೆ, ಕೋಶಪೊರೆ ಅಂತಿದ್ರೆ ಕಾಂಪೌಂಡ್ ಗೋಡೆ ಹತ್ರ."

"ಗುಲಾಬಿ ಚೀಟಿ ಇಲ್ಲದಿದ್ರೆ?" ಲೈಬ್ರರಿ ಮೇಡಂ ಕೇಳಿದರು.

"ಸೀದಾ ಕೋಶದ ಹೊರಗೆ. ನಮ್ಮ ಲೆಕ್ಕದಲ್ಲಿ ಗೇಟಿನಾಚೆ."

ಮೇಡಂ ಮುಖದಲ್ಲಿ ಒಂದು ಬೆಳಕು ಮೂಡಿತು. ಮೇಷ್ಟ್ರು ಅದನ್ನು ಜ್ಞಾನದ ಬೆಳಕು ಎಂದುಕೊಂಡರು.

ಕೆಳಗಿನ ಸಭಾಂಗಣದ ಬಾಗಿಲಲ್ಲಿ ಗುಮಾಸ್ತರು ಕತ್ತರಿ ಹಿಡಿದು ನಿಂತರು. ಒಳಗೆ ವಿಂಗಡಣೆಯ ಮೇಜಿನಲ್ಲಿ ಪ್ರಾಂಶುಪಾಲರು. ಅವರು ತಲೆ ಬಗ್ಗಿಸಿ ಕಡತಗಳಿಗೆ ಸಹಿ ಹಾಕುತ್ತಲೇ ಚೀಟಿಗಾಗಿ ಎಡಗೈ ಚಾಚಿದ್ದರು. ಮೇಷ್ಟ್ರು ಮಹಡಿಯಲ್ಲಿ ಒಬ್ಬೊಬ್ಬರಿಗೂ ಚೀಟಿ ಚುಚ್ಚಿ ಕೆಳಗೆ ಕಳಿಸಿದರು. ಎಲ್ಲರನ್ನೂ ಕಳಿಸಿ, ಉಳಿದ ಚೀಟಿಗಳನ್ನು ಎಣಿಸಿ ಎತ್ತಿಟ್ಟು ತಾವೂ ಇಳಿದು ಬಂದರೆ ಸಭಾಂಗಣ ಖಾಲಿ, ಹಳೇ ಸಾಮಾನಿನ ಕೋಣೆ ಖಾಲಿ, ಕಾಂಪೌಂಡ್ ಗೋಡೆಯ ಮೇಲೆ ಒಂದು ಬೆಕ್ಕು.

"ಎಲ್ಲಿ ಸಾರ್ ಪ್ರೋಟೀನುಗಳು?"

"ಗುಲಾಬಿ ಚೀಟಿ ಒಬ್ಬರ ಹತ್ರಾನೂ ಇರಲಿಲ್ಲ," ಪ್ರಾಂಶುಪಾಲರು ತಲೆ ಎತ್ತದೆ ಹೇಳಿದರು. "ಹೊರಗೆ ಅಂದೆ, ಒಬ್ಬ ಕೂಗಾಡಿದ್ದು ಬಿಟ್ಟರೆ ಎಲ್ಲರೂ ಹೋದರು. ಈ ಕಾಲೇಜಿನಲ್ಲಿ ನನ್ನ ಮಾತು ಇಷ್ಟು ಬೇಗ ನಡೆದದ್ದು ಇದೇ ಮೊದಲು."

ಗುಮಾಸ್ತರ ಕಾಲಬುಡದಲ್ಲಿ ಬಿಳಿ ಗುಲಾಬಿ ಚೀಟಿಗಳು ಜೋಡಿಜೋಡಿಯಾಗಿ ಬಿದ್ದಿದ್ದವು. ಒಂದೇ ಪಿನ್ನು, ಒಂದೇ ಏಟು. ಮೇಷ್ಟ್ರಿಗೆ ತಮ್ಮ ತಲೆ ತಾವೇ ಚಚ್ಚಿಕೊಳ್ಳಬೇಕೆನಿಸಿತು. ಅದನ್ನೂ ಮೆಲ್ಲಗೇ ಚಚ್ಚಿಕೊಂಡರು.

ಗೇಟು ದಾಟಿ ಓಡಿದರು. ಡ್ರಿಲ್ ಮೇಷ್ಟ್ರು ಎದುರಿನ ಹೋಟೆಲಿನಲ್ಲಿ ಎರಡನೇ ಟೀ ಕುಡಿಯುತ್ತಿದ್ದರು.

"ಬನ್ನಿ ಸಾರ್, ದಮ್ಮಯ್ಯ!"

"ಏನ್ರೀ ಇದು? ಹೊರಗೆ ಹೋದ ಪ್ರೋಟೀನು ಹಿಂದಕ್ಕೆ ಬರುತ್ತಾ? ವಿಜ್ಞಾನ ಓದಿದೋರು ನೀವು!"

ಲೈಬ್ರರಿ ಮೇಡಂ ಬಸ್ಸಿನ ಮೆಟ್ಟಿಲ ಮೇಲೆ ಸಿಕ್ಕರು. "ಮಗಳ ಮನೆಗೆ ಹೋಗಿ ಎರಡು ತಿಂಗಳಾಯ್ತು ಕಣಪ್ಪಾ. ನಿನ್ನ ಪಾಠ ತುಂಬಾ ಚೆನ್ನಾಗಿದೆ, ವಾರಕ್ಕೊಂದು ಸಲ ಇಟ್ಕೋ."

ಕೈಮುಗಿದು, ಗೋಗರೆದು, ಹತ್ತೂ ಜನರನ್ನು ಮರಳಿ ತರುವಷ್ಟರಲ್ಲಿ ಮೇಷ್ಟ್ರ ಅಂಗಿ ಹಿಂಡಿದರೆ ಬಕೆಟ್ಟು ತುಂಬುವಂತಿತ್ತು. ಈ ಸಲ ಎರಡೆರಡು ಪಿನ್ನು. ಆಟ ಪದ್ಯದ ಸಾಲಿನ ಹಾಗೆ ಎಲ್ಲೂ ಎಡವದೆ ಸಾಗಿತು. ಹನ್ನೆರಡಕ್ಕೆಲ್ಲ ಡ್ರಿಲ್ ಮೇಷ್ಟ್ರು ಗೋಡೆಗೆ ಅಂಟಿದರು, ಮೇಡಂ ಮುರಿದ ಬೆಂಚುಗಳ ನಡುವೆ ಕೂತರು. ಇನ್ನು ತಪಾಸಣೆಯವರು ಬರಬೇಕು, ನೋಡಬೇಕು, ಸಹಿ ಹಾಕಬೇಕು.

ಒಂದು ಗಂಟೆಯಾಯಿತು. ಮೂರಾಯಿತು. ಗೋಡೆಯ ಹತ್ತಿರದ ಪ್ರೋಟೀನು ಬಿಸಿಲಿಗೆ ಕೆಂಪಾಯಿತು. ಲೈಸೊಸೋಮಿನೊಳಗಿನದು ಗೊರಕೆ ಹೊಡೆಯಿತು. ನಾಲ್ಕಕ್ಕೆ ಪ್ರಾಂಶುಪಾಲರು ಕಡತ ಮುಚ್ಚಿದರು.

"ಬರಲಿಲ್ಲವಲ್ರೀ. ಹೊಸಬರಂತೆ, ದಾರಿ ತಪ್ಪಿತೇನೋ."

"ದಾರಿ ಅಂದ್ರೆ ನೆನಪಾಯ್ತು," ಗುಮಾಸ್ತರು ಕತ್ತರಿ ಒರೆಸುತ್ತ ಹೇಳಿದರು. "ಮೇಷ್ಟ್ರೇ, ಮೊದಲನೇ ಸಲ ನೀವು ಕಳಿಸಿದ್ದು ಹತ್ತಲ್ಲ, ಹನ್ನೊಂದು ಜನ. ಕೊನೇ ಪ್ರೋಟೀನು ಮಹಾ ಹಟಮಾರಿ. ಕನ್ನಡಕ, ಚರ್ಮದ ಚೀಲ, ಎದೆ ಮೇಲೆ ಅಚ್ಚು ಹಾಕಿಸಿದ ಚೀಟಿ. ಕಚಕ್ ಅಂತ ಕತ್ತರಿಸಿದೆ. 'ನಾನ್ಯಾರು ಗೊತ್ತಾ?' ಅಂತ ಕೂಗಾಡಿದ್ರು. ಯಾರೋ ಹೊಸ ಮೇಷ್ಟ್ರು, ನಾಟಕ ಚೆನ್ನಾಗಿ ಆಡ್ತಾರೆ ಅಂದ್ಕೊಂಡು ಸಾಹೇಬರ ಮೇಜಿಗೆ ಕಳಿಸಿದೆ."

ಪ್ರಾಂಶುಪಾಲರ ಕೈಯಿಂದ ಪೆನ್ನು ಜಾರಿತು. "ಆ ಗಲಾಟೆ ಮಾಡಿದ ಮನುಷ್ಯ... ಗುಲಾಬಿ ಚೀಟಿ ಎಲ್ಲಿ ಅಂತ ಮೂರು ಸಲ ಕೇಳಿದೆ. ಹೊರಗೆ ಹೋಗಯ್ಯಾ ಅಂದೆ!"

"ಹೋಗಲಿಲ್ಲ ಸಾರ್. ನಾನೇ ರಟ್ಟೆ ಹಿಡಿದು ಗೇಟಿನಾಚೆ ಬಿಟ್ಟು ಬಂದೆ."

ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು.

"ನೀವೇ ಹೇಳಿ ಮೇಷ್ಟ್ರೇ, ಪಾಠದ ಪ್ರಕಾರ ನಾವು ಮಾಡಿದ್ದರಲ್ಲಿ ಏನಾದ್ರೂ ತಪ್ಪಿದೆಯಾ?" ಪ್ರಾಂಶುಪಾಲರು ಕೇಳಿದರು.

ಮೇಷ್ಟ್ರು ಬಹಳ ಯೋಚಿಸಿದರು. ಒಂದಾದರೂ ತಪ್ಪು ಸಿಕ್ಕರೆ ನೌಕರಿ ಉಳಿದೀತೇನೋ ಎಂದು ಹುಡುಕಿದರು. ಸಿಗಲಿಲ್ಲ.

"ಇಲ್ಲ ಸಾರ್," ಎಂದರು. ಐದು ವರ್ಷದಲ್ಲಿ ಮೊದಲ ಬಾರಿಗೆ ಅವರ ಪಾಠ ಇಬ್ಬರಿಗೆ ಪೂರ್ತಿ ಅರ್ಥವಾಗಿತ್ತು.